ಹಲಗೆಯ ಮೇಲೆ ಮಣ್ಣಿರಲಿಲ್ಲ

ಚಿಕ್ಕಮಾದುವಿನ ಕತ್ತು ಮುರಿದಾಗ ಒಣಗಿದ ಕಬ್ಬಿನ ಜಲ್ಲೆ ಲಟಕ್ಕನೆ ಮುರಿದ ಹಾಗೆ ಸದ್ದಾಯಿತಂತೆ. ಚಲುವಮ್ಮ ಅದನ್ನು ಕಿವಿಯಾರೆ ಕೇಳಿದವಳಲ್ಲ. ಕುಸ್ತಿ ನಡೆಯುವಲ್ಲಿಗೆ ಹೆಂಗಸರು ಹೋಗುವುದಿಲ್ಲ. ಗರಡಿಮನೆಯ ಹೊಸಿಲನ್ನಂತೂ ತುಳಿಯುವುದೇ ಇಲ್ಲ. ಆದರೆ ಮಳವಳ್ಳಿಯ ಕುಸ್ತಿ ನೋಡಿ ಬಂದ ಗಂಡಸರು ಜಗಲಿ ಜಗಲಿಯ ಮೇಲೂ ಅದನ್ನೇ ಹೇಳಿ ಹೇಳಿ, ಆ ಸದ್ದು ಅವಳ ಕಿವಿಯಲ್ಲೂ ಮನೆ ಮಾಡಿತ್ತು. ಮುರಿದವನು ಅವಳ ಗಂಡ ಮಾದಯ್ಯ.

ಕೊಲ್ಲಬೇಕೆಂದು ಮಾಡಿದ್ದಲ್ಲ. ಹಲಗೂರಿನ ಚಿಕ್ಕಮಾದುವನ್ನು ಸೊಂಟ ಹಿಡಿದು ಎತ್ತಿ, ಬೆನ್ನು ಮಣ್ಣಿಗೆ ತಾಗುವಂತೆ ಒಗೆದಿದ್ದ. ಅದಕ್ಕೆ ಮುಂಚೆ ಎಷ್ಟೋ ಜನರನ್ನು ಒಗೆದ ಹಾಗೆಯೇ. ಬೆನ್ನು ಮಣ್ಣು ಕಂಡರೆ ಚಿತ್. ಚಿತ್ ಆದರೆ ಕುಸ್ತಿ ಮುಗಿಯಿತು. ಗೆದ್ದವನು ಬಗ್ಗಿ ಒಂದು ಚಿಟಿಕೆ ಮಣ್ಣು ಹಣೆಗಿಟ್ಟುಕೊಂಡು, ಬಿದ್ದವನ ಕೈ ಹಿಡಿದು ಎಬ್ಬಿಸಬೇಕು. ಮಾದಯ್ಯ ಮಣ್ಣು ಹಣೆಗಿಟ್ಟುಕೊಂಡ, ಕೈ ಚಾಚಿದ. ಚಿಕ್ಕಮಾದು ಏಳಲಿಲ್ಲ. ಕಣ್ಣುಗುಡ್ಡೆ ಮಾತ್ರ ಅತ್ತಿತ್ತ ಆಡುತ್ತಿತ್ತು. ವಾರ ತುಂಬುವುದರೊಳಗೆ ಅದೂ ನಿಂತಿತು.

ಯಾರೂ ಮಾದಯ್ಯನನ್ನು ಬಯ್ಯಲಿಲ್ಲ. ಕುಸ್ತಿಯಲ್ಲಿ ಸತ್ತವನಿಗೆ ಕೊಂದವನಿಲ್ಲ ಎಂದರು ಗರಡಿಯವರು. ತಿಥಿ ಮುಗಿದ ಮೇಲೆ ಚಿಕ್ಕಮಾದುವಿನ ತಾಯಿ ಚಿಕ್ಕಬೋರಮ್ಮ ಒಬ್ಬಳೇ ಹಲಗೂರಿನಿಂದ ಬಂದಳು. ಕಿರುಗಾವಲಿನಲ್ಲಿ ಬಸ್ಸಿಳಿದು, ಊರು ಕೇಳಿಕೊಂಡು, ನಡೆದು ಬಂದು, ಮಾದಯ್ಯನ ಮನೆಯ ಜಗಲಿಯ ಮುಂದೆ ನಿಂತಳು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಆ ಕೈ ತೋರ್ಸಪ್ಪ" ಅಂದಳು.

ಮಾದಯ್ಯ ಎರಡೂ ಕೈ ಮುಂದೆ ಮಾಡಿದ. ಮುದುಕಿ ಅವನ್ನು ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿ, ಒಂದೊಂದೇ ಬೆರಳು ಅಮುಕಿ, "ಒಳ್ಳೆ ಕೈ ಕಣಪ್ಪ" ಎಂದು ಹೇಳಿ ಬಂದ ದಾರಿಯಲ್ಲೇ ಹೋಗಿಬಿಟ್ಟಳು. ಶಾಪ ಹಾಕಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ಮಾದಯ್ಯ ಕೈಗಳನ್ನು ಹೆಗಲ ಮೇಲಿನ ಟವೆಲಿನೊಳಗೆ ಸುತ್ತಿ ಇಟ್ಟುಕೊಳ್ಳತೊಡಗಿದ. ಗರಡಿಗೆ ಹೋಗಿ, ಆ ಮಣ್ಣು ಮುಟ್ಟಿ, ಇನ್ನು ಮೇಲೆ ಮಣ್ಣಿನ ಮೇಲೆ ನಿಂತು ಯಾರ ಮೈಯನ್ನೂ ಹಿಡಿಯುವುದಿಲ್ಲ ಎಂದು ಆಣೆಯಿಟ್ಟು ಬಂದ. ಆಣೆಯಲ್ಲಿ ಹೆಂಡತಿಯ ಹೆಸರಿರಲಿಲ್ಲ. ಆದರೂ ಅವಳನ್ನು ಮುಟ್ಟುವುದನ್ನೂ ಬಿಟ್ಟ. ಅವಳು ಮುದ್ದೆ ನೀಡಹೋದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ತಟ್ಟೆಯನ್ನು ನೆಲದ ಮೇಲಿಟ್ಟು ಅವಳು ಆಚೆ ಸರಿದ ಮೇಲೆ ತೆಗೆದುಕೊಳ್ಳುತ್ತಿದ್ದ. ಬೇಸಗೆ ಹೋಗಿ ಮಳೆ ಹೋಗಿ ಭತ್ತ ಕುಯ್ಲಿಗೆ ಬಂದರೂ ಹಾಗೆಯೇ ಇದ್ದ. ಚಲುವಮ್ಮನಿಗೆ ಒಡವೆ ಬೇಕಿರಲಿಲ್ಲ, ಹೊಲ ಬೇಕಿರಲಿಲ್ಲ. ಆ ಕೈ ಬೇಕಾಗಿತ್ತು. ಅದನ್ನು ಯಾರಿಗೆಂದು ಹೇಳಿಕೊಳ್ಳುವುದು?

ಅಂಥ ಹೊತ್ತಿನಲ್ಲಿ ಅಂಕಯ್ಯ ಬಂದ. ಗರಡಿಯಲ್ಲಿ ಮಾದಯ್ಯನ ಜೋಡಿ. ಈಗ ಮಂಡ್ಯದಲ್ಲಿ ಕಬ್ಬಿನ ಗಾಡಿಗಳ ಲೆಕ್ಕ ನೋಡುವ ಕೆಲಸ. ಮೈಗಿಂತ ಬಾಯಿ ದೊಡ್ಡದು.

"ಮಂಡ್ಯದಾಗೆ ಕಿರಿಸ್ಮಸ್ಸು ನಡೀತಾದೆ ಕಣತ್ಗೆ! ರೈಲ್‌ ಕಂಬಿ ಪಕ್ಕದ್‌ ಬಯಲ್ನಾಗೆ ಕಾರ್ನಿವಲ್ಲು ಆಕವ್ರೆ. ಮರದ್‌ ಕುದ್ರೆ ಗಿರ್‍ರ್‌ ಅಂತ ತಿರುಗ್ತದೆ. ತೊಟ್ಲು ಆಕಾಸಕ್ಕೇ ಓಯ್ತದೆ. ಈ ಮೂಕ್‌ ಬಸ್ವನ್ನ ಎಬ್ಬುಸ್ಕೊಂಡ್‌ ಬಾ."

ಮಾದಯ್ಯನ ತಾಯಿ ಹೊಂಬಾಳಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಅದು ಕಿಲಸ್ತಾನ್ರ ಅಬ್ಬ ಅಲ್ವೇನ್ಲಾ?"

"ಅಬ್ಬ ಅವ್ರದು, ಕುದ್ರೆ ಎಲ್ರುದೂವೆ ಕಣವ್ವ."

"ಅಂಗಾದ್ರೆ ನಾನೂ ಬತ್ತೀನಿ" ಅಂದಳು ಮುದುಕಿ.

ಚಲುವಮ್ಮ ಗಂಡನ ಮುಂದೆ ನಿಂತು, "ಇಕಾ, ಒಂದ್‌ ದಪ ಓಗ್ಬರಾನ. ನಿನ್‌ ಕಾಲಿಗ್‌ ಬೀಳ್ತೀನಿ" ಎಂದಳು. ನಿಜವಾಗಿಯೂ ಬಗ್ಗಿದಳು. ಕಾಲು ಮುಟ್ಟಿಸಿಕೊಂಡಾನು ಎಂದು ಅಷ್ಟೇ. ಅವನು ದಡಕ್ಕನೆ ಹಿಂದೆ ಸರಿದು, "ಆಯ್ತು ಬುಡು, ಓಗಾನ" ಅಂದ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಮಳವಳ್ಳಿಯಲ್ಲಿ ಬಸ್ಸು ನಿಲ್ಲಿಸಿ ಒಲೆ ಕೆದಕುವಾಗ ಮಾದಯ್ಯ ಕುಸ್ತಿಯಾಡಿದ್ದ ಬಯಲಿನ ಕಡೆ ಬೆನ್ನು ಹಾಕಿ ಕುಳಿತ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಂಡ್ಯ ಸೇರುವಾಗ ಎಲ್ಲರ ಮುಖಕ್ಕೂ ಮಸಿ ಮೆತ್ತಿತ್ತು. ಬಿಸಿಲು ಇಳಿಯುತ್ತಿತ್ತು.

ಕಾರ್ನಿವಲ್ಲಿನ ಬಾಗಿಲಲ್ಲೇ ಒಂದು ಸರ್ವೆ ಮರ ನೆಟ್ಟಿದ್ದರು. ಅದರ ಮೈತುಂಬ ಬಣ್ಣದ ಕಾಗದದ ನಕ್ಷತ್ರ, ರೆಂಬೆ ರೆಂಬೆಗೂ ಹತ್ತಿ.

"ಮರುಕ್ಯಾಕ್ಲಾ ಅತ್ತಿ ಅಂಟ್ಸವ್ರೆ? ನೆಗಡಿ ಬಂದದಾ?" ಎಂದಳು ಹೊಂಬಾಳಮ್ಮ.

ಮರದ ಕೆಳಗೆ ಕೆಂಪು ನಿಲುವಂಗಿ ತೊಟ್ಟು ಎದೆಯುದ್ದ ಹತ್ತಿಯ ಗಡ್ಡ ಕಟ್ಟಿಕೊಂಡ ಒಬ್ಬ ದಾಂಡಿಗ ನಿಂತು, ಬಂದವರಿಗೆಲ್ಲ ಪೆಪ್ಪರಮೆಂಟು ಹಂಚುತ್ತಿದ್ದ. ಗಡ್ಡದ ಮೇಲೆ ಕರಿಯ ಮುಖ; ನಕ್ಕರೆ ಒಂದು ಬೆಳ್ಳಿಯ ಹಲ್ಲು. "ಹ್ಯಾಪಿ ಕ್ರಿಸ್ಮಸ್ ಪಾಟಿಯಮ್ಮ, ತಗೊಳ್ಳಿ" ಎಂದು ತಮಿಳಿನಲ್ಲಿ ಅಜ್ಜಿಯೆಂದು ಕರೆದು, ಹೊಂಬಾಳಮ್ಮನ ಅಂಗೈಗೆ ಒಂದು ಹಿಡಿ ಸುರಿದ. ಮುದುಕಿ ಅವನ ಗಡ್ಡವನ್ನೊಮ್ಮೆ ಜಗ್ಗಿ ನೋಡಿ, "ಹೂ, ಅತ್ತೀನೇ" ಎಂದು ಖಾತ್ರಿ ಮಾಡಿಕೊಂಡು, ಪೆಪ್ಪರಮೆಂಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವನು ಹೊಟ್ಟೆ ಕುಲುಕಿಸಿ ನಕ್ಕ. ಮಾದಯ್ಯನ ತುಟಿಯಲ್ಲೂ ಒಂದು ನಗು ಬಂದು ಹೋದದ್ದನ್ನು ಚಲುವಮ್ಮ ಕಂಡಳು. ಎಷ್ಟು ತಿಂಗಳಾಗಿತ್ತು! ಬಂದದ್ದು ಸಾರ್ಥಕವಾಯಿತು ಅಂದುಕೊಂಡಳು. ಅಲ್ಲಿಂದಲೇ ಹಿಂದಕ್ಕೆ ಹೊರಟಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಕುದುರೆ ಹತ್ತಿದರು. ತೊಟ್ಟಿಲು ಹತ್ತಿ ಹೊಂಬಾಳಮ್ಮ ಮನೆದೇವರನ್ನು ಕೂಗಿದಳು. ದೀಪ ಹೊತ್ತಿಸುವ ಹೊತ್ತಿಗೆ ಅಂಕಯ್ಯ ಅವರನ್ನು ಒಂದು ಅಟ್ಟಣೆಯ ಮುಂದೆ ತಂದು ನಿಲ್ಲಿಸಿದ. ಎದೆಮಟ್ಟದ ಅಟ್ಟಣೆ, ಮೇಲೆ ಹಲಗೆ ಹಾಸು, ಸುತ್ತ ಹಗ್ಗ, ಮೂಲೆಯ ಕಂಬದಲ್ಲಿ ಒಂದು ಕಂಚಿನ ಗಂಟೆ, ಗಂಟೆ ಹೊಡೆಯಲು ಮರದ ಸುತ್ತಿಗೆ. ಹಗ್ಗದ ಮೇಲೆ ಒಂದು ಹೊಸ ಸೀರೆ, ಒಂದು ಜೊತೆ ಪಂಚೆ ತೂಗುಹಾಕಿದ್ದರು. ಗಜ ಬಟ್ಟೆಗೂ ಚೀಟಿ ಹಿಡಿದು ಸಾಲು ನಿಲ್ಲುತ್ತಿದ್ದ ಆ ದಿನಗಳಲ್ಲಿ ಜನ ಹಲಗೆ ನೋಡದೆ ಸೀರೆಯನ್ನೇ ನೋಡುತ್ತಿದ್ದರು.

ಹ್ಯಾಟು ಹಾಕಿದ್ದ ಮ್ಯಾನೇಜರು ತಗಡಿನ ಕಹಳೆಯಲ್ಲಿ ಕೂಗಿದ: "ಕೋಲಾರದ ಚಿನ್ನದ ಗಣಿಯ ಹುಲಿ, ಟೈಗರ್ ಜೋಸೆಫ್! ಮುಗಿಯೋ ಗಂಟೆ ಹೊಡೆಯೋವರೆಗೆ ಇವನ ಮುಂದೆ ಕಾಲ ಮೇಲೆ ನಿಂತವರಿಗೆ ಈ ಬಟ್ಟೆ!"

ಮೇಲೆ ಬಂದವನನ್ನು ನೋಡಿ ಹೊಂಬಾಳಮ್ಮ ಬಾಯಿ ಮೇಲೆ ಕೈಯಿಟ್ಟಳು. ಬೆಳ್ಳಿಯ ಹಲ್ಲು. "ಅಯ್ಯೋ, ಪೆಪ್ಪರ್ಮೆಂಟ್‌ ತಾತ ಕಣಮ್ಮಿ!"

ಗಡ್ಡವಿಲ್ಲ, ನಿಲುವಂಗಿಯಿಲ್ಲ. ಚಡ್ಡಿ, ಎದೆಯ ಮೇಲೆ ಹಳೆಯ ಗಾಯಗಳು, ಕೈಗೆ ತೊಗಲಿನ ದಪ್ಪ ಗವುಸು. ಮೊದಲು ಹತ್ತಿದ ಲಾರಿ ಕ್ಲೀನರನಿಗೆ ಒಂದೇ ಏಟಿಗೆ ಹಲ್ಲು ಉದುರಿತು. ಎರಡನೆಯವನು ಹೊಟ್ಟೆ ಹಿಡಿದುಕೊಂಡು ಕಕ್ಕಿದ. ಮೂರನೆಯವನನ್ನು ನಾಲ್ಕು ಜನ ಹೊತ್ತು ಇಳಿಸಿದರು. "ಈ ಕಬ್ಬಿನ ಸೀಮೆಯಲ್ಲಿ ಗಂಡಸರೇ ಇಲ್ಲವೋ, ಬರೀ ಸಿಪ್ಪೆಯೋ!" ಎಂದು ಕಹಳೆ ಕೂಗಿತು.

"ಮಾದ, ಅತ್ಲಾ" ಅಂದ ಅಂಕಯ್ಯ.

"ಆಣೆ ಮಡ್ಗಿವ್ನಿ."

"ಮಣ್ಣಿನ್‌ ಮ್ಯಾಲೆ ತಾನೆ ಆಣೆ? ಇಲ್ಲೆಲ್ಲದ್ಲಾ ಮಣ್ಣು? ಅಲ್ಗೆ ಕಣ್ಲಾ ಅದು, ಅಲ್ಗೆ!" ಅಂಕಯ್ಯ ಅಟ್ಟಣೆಯನ್ನು ಗುದ್ದಿ ತೋರಿಸಿದ.

ಮಾದಯ್ಯ ಹೆಂಡತಿಯ ಕಡೆ ನೋಡಿದ. ಬೇಡ ಎನ್ನಲಿ ಎಂಬ ನೋಟ ಅದು; ಅವಳಿಗೆ ಅದು ತಿಳಿಯಿತು. ತಿಳಿದೂ ಅವಳ ನಾಲಿಗೆ ಬೇರೆ ಕಡೆ ಹೊರಳಿತು. ಆರು ವರ್ಷ ಸಂಸಾರ ಮಾಡಿದ್ದಳು. ಊರೆಲ್ಲ ಕೊಂಡಾಡುವ ಗಂಡನ ಕುಸ್ತಿಯನ್ನು ಒಮ್ಮೆಯೂ ಕಂಡಿರಲಿಲ್ಲ. ಇಲ್ಲಿ ಹೆಂಗಸರಿಗೆ ಅಡ್ಡಿಯಿಲ್ಲ. ಒಂದು ಸಲ ಆ ಕೈ ಒಬ್ಬ ಮನುಷ್ಯನನ್ನು ಮುಟ್ಟಿತೆಂದರೆ, ಹೆದರಿಕೆ ಬಿಟ್ಟೀತು. ಆಮೇಲೆ ತನ್ನನ್ನೂ ಮುಟ್ಟೀತು.

"ಓಗು" ಅಂದಳು. "ನಾನು ನೋಡ್ಬೇಕು."

ಮಾದಯ್ಯ ಟವೆಲನ್ನು ಅವಳ ಹೆಗಲ ಮೇಲೆ ಎಸೆದು, ಹಗ್ಗದಡಿ ನುಸುಳಿದ. ಗವುಸು ಬೇಡವೆಂದ.

ಗಂಟೆ ಹೊಡೆಯಿತು. ಮಾದಯ್ಯ ಕೈ ಕುಲುಕಲು ಮುಂದೆ ಬಂದ. ಜೋಸೆಫ್ ಅವನ ಮೂಗಿನ ಮೇಲೆ ಗುದ್ದಿದ. ರಕ್ತ ಕೊಳವೆಯೊಡೆದ ಹಾಗೆ ಚಿಮ್ಮಿತು. ಗುದ್ದಾಟ ಅವನಿಗೆ ಗೊತ್ತಿಲ್ಲ. ಮತ್ತೊಂದು ಏಟು ಹುಬ್ಬನ್ನು ಸೀಳಿತು, ಇನ್ನೊಂದು ಪಕ್ಕೆಲುಬಿಗೆ. ಕೈ ಎತ್ತಲು ಅವನಿಗೆ ಮನಸ್ಸೇ ಬಾರದು. ಸುಮ್ಮನೆ ಏಟು ತಿನ್ನುತ್ತ, ರೆಪ್ಪೆಯಿಂದ ರಕ್ತ ಒದರುತ್ತ ಹಿಂದೆ ಸರಿಯುತ್ತಿದ್ದ. ಚಲುವಮ್ಮ ಹಲಗೆಯ ಅಂಚು ಹಿಡಿದು ನಿಂತಿದ್ದಳು. ಬೆಚ್ಚನೆಯ ಹನಿಯೊಂದು ಅವಳ ತುಟಿಯ ಮೇಲೆ ಬಿತ್ತು. ಉಪ್ಪುಪ್ಪು.

"ಇಡ್ಕೊಳ್ಳಲಾ!" ಎಂದು ಅಂಕಯ್ಯ ಅರಚಿದ. "ಇಡ್ಕೊಂಡ್‌ ಸಾಯ್ಲಾ!"

ಇದ್ದಕ್ಕಿದ್ದಂತೆ ಮಾದಯ್ಯ ಕುಸಿದ. ಬಿದ್ದನೆಂದುಕೊಂಡರು ಎಲ್ಲರೂ. ಬಿದ್ದಿರಲಿಲ್ಲ, ಜೋಸೆಫನ ತೋಳಿನ ಕೆಳಗೆ ನುಗ್ಗಿ ಎರಡೂ ಕೈಯಲ್ಲಿ ಸೊಂಟ ತಬ್ಬಿದ್ದ. ಮರುಗಳಿಗೆಗೆ ಆ ದೈತ್ಯ ದೇಹ ಜನರ ತಲೆಗಳ ಮೇಲೆ, ದೀಪಗಳ ಎದುರಿಗೆ, ಕಾಲು ಮೇಲಾಗಿ ನಿಂತಿತ್ತು. ಚಲುವಮ್ಮ ಉಸಿರು ಹಿಡಿದಳು. ಇದೇ, ಇದೇ ಪಟ್ಟು. ಚಿಕ್ಕಮಾದುವನ್ನು ಕೊಂದದ್ದು ಇದೇ. ಮೇಲೆತ್ತಿದವನು ಅಲ್ಲೇ ಒಂದು ಕ್ಷಣ ತಡೆದ. ಆಮೇಲೆ ಬಲಗೈಯನ್ನು ಸೊಂಟದಿಂದ ಬಿಡಿಸಿ, ಬೀಳುವವನ ಕತ್ತಿನ ಹಿಂದಕ್ಕೆ ಕೊಟ್ಟ.

ಹಲಗೆ ಗುಡುಗಿತು. ಜೋಸೆಫನ ಬೆನ್ನು ಅಂಗಾತ ಬಡಿಯಿತು. ತಲೆ ಮಾತ್ರ ಹಲಗೆಗೆ ತಾಗಲಿಲ್ಲ. ಅದರ ಕೆಳಗೆ ಮಾದಯ್ಯನ ಅಂಗೈ ಇತ್ತು.

"ಚಿತ್! ಚಿತ್!" ಬಯಲೆಲ್ಲ ಒಂದೇ ಗಂಟಲಾಯಿತು. ಪೇಟಗಳು ಹಾರಿದವು. ಹೊಂಬಾಳಮ್ಮ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡಳು. ಗಂಟೆಯ ವಿಷಯ ಮ್ಯಾನೇಜರು ಹೇಳಿದ್ದನ್ನು ಎಲ್ಲರೂ ಕೇಳಿದ್ದರು. ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆನ್ನು ತಾಗಿದ ಮೇಲೆ ಗಂಟೆ ಯಾತಕ್ಕೆ? ಹುಟ್ಟಿದಾಗಿನಿಂದ ಅವರು ಕಂಡ ಕುಸ್ತಿಗಳೆಲ್ಲ ಅಲ್ಲಿಗೇ ಮುಗಿದಿದ್ದವು.

ಮಾದಯ್ಯನಿಗೂ ಮುಗಿದಿತ್ತು. ಎದ್ದು ನಿಂತ. ಮಣ್ಣು ಹಣೆಗಿಟ್ಟುಕೊಳ್ಳಬೇಕು, ಆಮೇಲೆ ಬಿದ್ದವನನ್ನು ಎಬ್ಬಿಸಬೇಕು. ಬಗ್ಗಿದ. ಹಲಗೆಯ ಮೇಲೆ ಮಣ್ಣಿರಲಿಲ್ಲ. ಒಂದು ಗಳಿಗೆ ಮಗುವಿನ ಹಾಗೆ ಸುತ್ತ ಹುಡುಕಿದ. ಆಮೇಲೆ ಅಂಚಿಗೆ ಹೋಗಿ, ಹಗ್ಗದ ಕೆಳಗೆ ಹೊಟ್ಟೆಯ ಮೇಲೆ ಮಲಗಿ, ಅಟ್ಟಣೆಯ ಕೆಳಗಿನ ನೆಲಕ್ಕೆ ಎಡಗೈ ಇಳಿಬಿಟ್ಟ. ಚಲುವಮ್ಮ ನಿಂತಿದ್ದದ್ದು ಅಲ್ಲಿಯೇ. ಕೈ ನೆಲಕ್ಕೆ ಎಟುಕಲಿಲ್ಲ. ಅವಳು ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಮೇಲೆ ಹಿಡಿದಳು. ಅವನು ಅವಳ ಅಂಗೈಯಿಂದ ಚಿಟಿಕೆ ಮಣ್ಣು ತೆಗೆದುಕೊಂಡ. ಬೆರಳು ತಾಗಿತು. ಚಿಕ್ಕಮಾದು ಸತ್ತ ಮೇಲೆ ಮೊದಲ ಸಲ ತಾಗಿತು.

ಜೋಸೆಫ್ ಎದ್ದು ಬಂದದ್ದನ್ನು ಅವಳು ಕಂಡಳು. ಕೂಗಲು ಬಾಯಿ ತೆರೆಯುವುದರೊಳಗೆ ಗವುಸಿನ ಕೈ ಮಾದಯ್ಯನ ಕಿವಿಯ ಹಿಂದೆ ಬಿತ್ತು. ಅವನ ಗಲ್ಲ ಹಲಗೆಗೆ ಬಡಿದು ನಾಲಿಗೆ ಕಚ್ಚಿಕೊಂಡಿತು.

ತಿರುಗಿ, ಮಂಡಿಯೂರಿ ಎದ್ದ. ಹಣೆಯಲ್ಲಿ ಮಣ್ಣು, ಬಾಯಲ್ಲಿ ರಕ್ತ. "ಚಿತ್ ಆಯ್ತಲ್ಲಣ್ಣ" ಅಂದ. ಮುಖದ ಮೇಲೆ ಇನ್ನೊಂದು ಏಟು.

"ಗಂಟೆ ಹೊಡೀಲಿಲ್ಲ! ಕೈ ಎತ್ತು, ಎತ್ತು!" ಎಂದ ಜೋಸೆಫ್. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಇತ್ತು. ಹಗ್ಗದಾಚೆ ಮ್ಯಾನೇಜರು "ಮುಗಿಸು, ಇಲ್ಲದಿದ್ದರೆ ನಾಳೆ ನಿನ್ನ ಗಂಟುಮೂಟೆ ಕಟ್ಟು" ಎಂದು ಹಲ್ಲು ಕಡಿಯುತ್ತಿದ್ದ.

ಮಾದಯ್ಯ ಕೈ ಎತ್ತಲಿಲ್ಲ. ಚಿತ್ ಆದವನ ಮೇಲೆ ಕೈ ಮಾಡುವುದು ಹೆಣದ ಮೇಲೆ ಕೈ ಮಾಡಿದಂತೆ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಆಯ್ತು ಕಣಣ್ಣ, ಆಯ್ತು ಕಣಣ್ಣ" ಎನ್ನುತ್ತಲೇ ಇದ್ದ. ದವಡೆ, ಕಣ್ಣು, ಮತ್ತೆ ಕಣ್ಣು. ಗವುಸು ನೆನೆದು, ಏಟು ಬಿದ್ದಾಗಲೆಲ್ಲ ಒದ್ದೆ ಬಟ್ಟೆ ಒಗೆದಂತೆ ಸದ್ದಾಗುತ್ತಿತ್ತು.

ಮೊದಲು ಮೇಲೆ ಹತ್ತಿದವಳು ಚಲುವಮ್ಮ. ಹೇಗೆ ಹತ್ತಿದಳೋ. ಗಂಟೆಯ ಸುತ್ತಿಗೆ ಕೈಗೆ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು, ರಾಗಿಯ ತೆನೆ ಬಡಿಯುವ ಹಾಗೆ ತಲೆಯ ಮೇಲಿಂದ ತಂದು ಜೋಸೆಫನ ಕಿವಿಯ ಮೇಲೆ ಬಡಿದಳು. ಕಿವಿ ಹರಿದು ಜೋತಿತು. ಅವನು ತಿರುಗಿ ಅವಳನ್ನು ನೋಡಿದ. ಪೆಪ್ಪರಮೆಂಟು ಕೊಟ್ಟಾಗಿನ ಅದೇ ಕಣ್ಣು. ಅವಳು ಮತ್ತೊಮ್ಮೆ ಬಡಿದಳು. ಬಡಿಯುವಾಗ ಹಿತವಾಯಿತು. ಆ ಹಿತ ತೋಳಿನಿಂದ ಎದೆಗಿಳಿದದ್ದು ಅವಳಿಗೆ ಚೆನ್ನಾಗಿ ಗೊತ್ತಾಯಿತು.

ಅವಳ ಹಿಂದೆಯೇ ಜನ ನುಗ್ಗಿದರು. ಹಗ್ಗ ಹರಿಯಿತು. ಮ್ಯಾನೇಜರು ಹ್ಯಾಟು ಬಿಟ್ಟು ಓಡಿದ. ಯಾರೋ ಎಸೆದ ಪೆಟ್ರೋಮ್ಯಾಕ್ಸ್ ಸರ್ವೆ ಮರಕ್ಕೆ ಬಡಿದು, ಹತ್ತಿಗೆ ಬೆಂಕಿ ಹತ್ತಿ, ಮರ ಬುಗ್ಗೆಂದು ನಿಂತಲ್ಲೇ ಉರಿಯಿತು. ಆ ಬೆಳಕಿನಲ್ಲಿ ಜೋಸೆಫನನ್ನು ಕೆಡವಿಕೊಂಡು ತುಳಿಯತೊಡಗಿದರು. ಎಕ್ಕಡದ ಕಾಲು, ಬರಿಗಾಲು, ಜಲ್ಲೆಯ ತುಂಡು. ಕೆಳಗಿನಿಂದ "ಮಾದಾವೇ, ಮಾದಾವೇ" ಎಂದು ಅವನು ತಮಿಳಿನಲ್ಲಿ ತಾಯಿಯನ್ನೋ ದೇವರನ್ನೋ ಕರೆಯುತ್ತಿದ್ದ. ಅಂಕಯ್ಯ ಗುಡಾರದ ಹಗ್ಗ ಬಿಗಿದಿದ್ದ ಕಬ್ಬಿಣದ ಗೂಟ ಕಿತ್ತು ತಂದ.

"ಸರೀರ್ಲಾ! ಅವ್ನ್‌ ಬುರ್ಡೆ ನಂದು!"

ಆಗ ಮಾದಯ್ಯ ತೆವಳಿದ. ಒಂದು ಕಣ್ಣು ಮುಚ್ಚಿಹೋಗಿತ್ತು. ಕಾಲುಗಳ ನಡುವೆ ತೂರಿಕೊಂಡು ಹೋಗಿ ಜೋಸೆಫನ ಮೇಲೆ ಕವುಚಿ ಮಲಗಿ, ಬಲಗೈಯನ್ನು ಅವನ ತಲೆಯ ಮೇಲೆ ಅಡ್ಡ ಇಟ್ಟ. ಅಂಕಯ್ಯನ ಗೂಟ ಆಗಲೇ ಇಳಿಯುತ್ತಿತ್ತು.

ಒಣಗಿದ ಕಬ್ಬಿನ ಜಲ್ಲೆ ಲಟಕ್ಕನೆ ಮುರಿದ ಹಾಗೆ ಸದ್ದಾಯಿತು. ಈ ಸಲ ಚಲುವಮ್ಮ ಅದನ್ನು ತಾನೇ ಕೇಳಿದಳು.

ಅಂಕಯ್ಯನ ಕೈಯಿಂದ ಗೂಟ ಜಾರಿತು. "ಮಾದ... ಲೇ ಮಾದ, ನೀ ಯಾಕ್ಲಾ ಅಡ್ಡ ಬಂದೆ" ಎಂದು ಹೋರಿಯ ಹಾಗೆ ಅಳತೊಡಗಿದ. ತುಳಿಯುತ್ತಿದ್ದವರು ಒಬ್ಬೊಬ್ಬರೇ ಹಿಂದೆ ಸರಿದರು. ದೂರದಲ್ಲಿ ಪೋಲೀಸರ ಪೀಪಿ ಕೇಳಿದ್ದೇ ಬಯಲು ಖಾಲಿಯಾಯಿತು. ಹೊಂಬಾಳಮ್ಮ ಮಾತ್ರ ಎಲ್ಲಿಂದಲೋ ಆ ಹತ್ತಿಯ ಗಡ್ಡ ಹುಡುಕಿ ತಂದು, ಅರ್ಧ ಕಿತ್ತು ಮಗನ ಹುಬ್ಬಿಗೆ, ಅರ್ಧ ಕಿತ್ತು ಜೋಸೆಫನ ಕಿವಿಗೆ ಒತ್ತಿ ಹಿಡಿದು, ಇಬ್ಬರನ್ನೂ ಒಂದೇ ಸಮ ಬಯ್ಯುತ್ತ ಕುಳಿತಳು.

ಬೆಳಿಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ಇಬ್ಬರೂ ಎದುರು ಬದುರು ಗೋಡೆಗೆ ಒರಗಿದ್ದರು. ಮಾದಯ್ಯನ ಬಲಗೈಗೆ ಬಿದಿರಿನ ದಬ್ಬೆ ಕಟ್ಟಿದ್ದರು; ಬೆರಳು ಮತ್ತೆ ಮಡಚುವುದು ಕಷ್ಟ ಎಂದಿದ್ದರು ಡಾಕ್ಟರು. ದೂರದಲ್ಲೆಲ್ಲೋ ಇಗರ್ಜಿಯ ಗಂಟೆ ಹೊಡೆಯಿತು. ಜೋಸೆಫ್ ಊದಿದ ತುಟಿಯಲ್ಲೇ ಏನೋ ಮಣಮಣಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಇವತ್ತೇ ಅಂತಲ್ಲ ನಿಮ್ಮಬ್ಬ" ಎಂದಳು ಹೊಂಬಾಳಮ್ಮ. ಸೆರಗಿನ ಗಂಟು ಬಿಚ್ಚಿ, ಬೆವರಿಗೆ ಅಂಟಿಕೊಂಡಿದ್ದ ಪೆಪ್ಪರಮೆಂಟನ್ನು ಅವನ ಮುಂದೆ ಹಿಡಿದಳು. "ತಿನ್ನು. ನಿಂದೇಯ. ಅಬ್ಬದ್‌ ದಿಸ ಬಾಯ್‌ ಬರಿದು ಇರ್ಬಾರ್ದು."

"ನನ್‌ ಹಲ್ಲು ಹೋಯ್ತು ಪಾಟಿಯಮ್ಮ."

"ಚೀಪು."

ಪೋಲೀಸಿನವನು ಬಂದು, ಕಿವಿಗೆ ಹೊಡೆದವರು ಯಾರು ಎಂದು ಕೇಳಿದ. ಜೋಸೆಫ್ ಚಲುವಮ್ಮನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವನು ಮಾದಯ್ಯನ ಕಡೆ ಗಲ್ಲ ತಿರುಗಿಸಿ, "ಕತ್ತಲು ಸ್ವಾಮಿ. ಕಾಣಲಿಲ್ಲ. ನನ್‌ ತಲೆ ಕಾಯ್ದವನು ಮಾತ್ರ ಕಂಡ" ಅಂದ. ಅವಳು ಬಡಿದಾಗ ಅಟ್ಟಣೆಯ ದೀಪಗಳು ಹಗಲಿನ ಹಾಗೆ ಉರಿಯುತ್ತಿದ್ದವು.

ಪೋಲೀಸಿನವನು ಹೋದ ಮೇಲೂ ಚಲುವಮ್ಮ ತಲೆಯೆತ್ತಲಿಲ್ಲ. ಅವಳ ಬಲಗೈ ಸೆರಗಿನೊಳಗೆ ಸುತ್ತಿಕೊಂಡಿತ್ತು. ರಾತ್ರಿಯೆಲ್ಲ ತೊಳೆದಿದ್ದಳು. ಆದರೂ ಹೊರಗೆ ತೆಗೆಯಲು ಆಗುತ್ತಿರಲಿಲ್ಲ. ತೆಗೆದರೆ ಸುತ್ತಿಗೆ ಇನ್ನೂ ಅದರಲ್ಲೇ ಇದ್ದೀತು ಅನ್ನಿಸುತ್ತಿತ್ತು. ಅತ್ತೆ ನೀರಿನ ಲೋಟ ಕೊಟ್ಟಾಗ ಎಡಗೈ ಚಾಚಿದಳು. ಅತ್ತೆಗೆ ಅದು ಕಾಣಲಿಲ್ಲ. ಮಾದಯ್ಯನ ಒಂದೇ ಕಣ್ಣಿಗೆ ಕಂಡಿತು.

ಅವನು ಗೋಡೆಗೆ ಬೆನ್ನು ಉಜ್ಜುತ್ತ ಅವಳ ಪಕ್ಕಕ್ಕೆ ಸರಿದ.

"ಚಲ್ವಿ. ಆ ಕೈ ತೋರ್ಸು."

ಅವಳು ಇಲ್ಲವೆಂದು ತಲೆಯಾಡಿಸಿದಳು.

ಮಾದಯ್ಯ ಎಡಗೈಯನ್ನು ಅವಳ ಸೆರಗಿನೊಳಗೆ ಹಾಕಿ, ಮುಷ್ಟಿ ಕಟ್ಟಿದ್ದ ಅವಳ ಕೈಯನ್ನು ಹುಡುಕಿ ಹೊರಗೆ ತಂದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅಂಗೈಯಲ್ಲಿ ಸುತ್ತಿಗೆಯ ಹಿಡಿ ಒತ್ತಿದ ಬೊಬ್ಬೆ ಇತ್ತು, ಅಷ್ಟೇ. ಅದರ ಮೇಲೆ ತನ್ನ ಅಂಗೈ ಮುಚ್ಚಿ, ಊರಿನ ಬಸ್ಸು ಬರುವವರೆಗೂ ಹಾಗೆಯೇ ಹಿಡಿದುಕೊಂಡು ಕುಳಿತ.